ಕಿಟಕಿಯ ಮಸಿ

ಅಕ್‌ಶೋಕಿ
ಸೆಪ್ಟೆಂಬರ್ 14, 1995

ಶಿನಾರ್‌ಜಾನ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ. ಟೈರಿಗೆ ಬೆರೆಸುವ ಮಸಿ ಮಾಡುವ ನಮ್ಮ ಕಾರ್ಖಾನೆ ಮತ್ತೆ ಶುರುವಾಗಿದೆ. ಎರಡು ವರ್ಷ ಬೀಗ ಹಾಕಿದ್ದ ಪ್ರಯೋಗಾಲಯದ ಬಾಗಿಲು ತೆಗೆದು ನನ್ನನ್ನೂ ಪಕ್ಕದ ಮನೆಯ ಎಮ್ಮಾಳನ್ನೂ ಕರೆದು ಕೂರಿಸಿದ್ದಾರೆ. ಮೊದಲ ದಿನ ಇಲಿ ಹಿಕ್ಕೆ ಗುಡಿಸಿದ್ದೇ ನಮ್ಮ ಕೆಲಸ. ಎಮ್ಮಾ ತನ್ನ ಹಿರಿಯರ ಜರ್ಮನಿಗೆ ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿ ಕೂತವಳು, ಅವಳ ಕಾಗದಪತ್ರ ಇನ್ನೂ ಬಂದಿಲ್ಲ. ಪೊರಕೆ ಹಿಡಿದುಕೊಂಡೇ ಹೇಳಿದಳು: "ಹೋಗ್ಲಿ ಬಿಡೇ ಕುಲ್‌ಪಾಶ್, ಟೈರು ಇರೋ ತನಕ ಮಸಿ ಬೇಕು, ಮಸಿ ಇರೋ ತನಕ ನಮ್ಮಂಥ ಮುದುಕೀರು ಬೇಕು."

ಈಗ ನಿಜವಾದ ಮಾತಿಗೆ ಬರುತ್ತೇನೆ. ನಿನ್ನ ಮಾವ ತೀರಿಕೊಂಡ ನಲವತ್ತನೆಯ ದಿನದ ಊಟ ನೆನಪಿದೆಯಲ್ಲ? ಬಳಗದವರೆಲ್ಲ ಕೂತಿದ್ದಾಗ ನಿನ್ನ ಗಂಡ ಎರ್‌ಸಾಯಿನ್ ಎದ್ದು ನಿಂತು ನನಗೆ ಹೇಳಿದ: "ಅಪಾ, ನೀವು ಒಬ್ಬರೇ ಇರೋಕಾಗಲ್ಲ. ನಮಗೆ ಹುಟ್ಟೋ ಮೊದಲನೇ ಮಗು ನಿಮ್ಮದು. ನೀವೇ ಸಾಕ್ಕೊಳ್ಳಿ." ಹಿರಿಯರೆಲ್ಲ ಕೈಯೆತ್ತಿ ಹರಸಿದರು. ನೀನು ಚಹಾ ಬಗ್ಗಿಸುತ್ತಿದ್ದೆ. ತಲೆ ಎತ್ತಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ.

ನಿನ್ನ ಮಗ ಅಲ್ದಿಯಾರ್ ಏಪ್ರಿಲ್‌ನಲ್ಲಿ ಹುಟ್ಟಿದವನು. ಚಳಿಗಾಲ ಕಳೆಯುವಷ್ಟರಲ್ಲಿ ಮೊಲೆ ಬಿಡಿಸಬಹುದು. ಮಾರ್ಚ್ ತಿಂಗಳ ನೌರೀಜ್ ಹಬ್ಬಕ್ಕೆ ಕರೆತಂದು ನನ್ನ ಮಡಿಲಿಗೆ ಹಾಕು. ಅವನು ಇಲ್ಲೇ ನಡೆಯಲು ಕಲಿಯಲಿ. ನಿನಗೂ ನಿನ್ನ ಓದು, ನಿನ್ನ ಪ್ರಯೋಗ ಹಗುರವಾಗುತ್ತದೆ. ನೀನು ಚಿಕ್ಕವಳು, ಇನ್ನೂ ಮಕ್ಕಳಾಗುತ್ತವೆ.

ನಿನ್ನ ಅತ್ತೆ,
ಕುಲ್‌ಪಾಶ್

*

ಅಲ್ಮಾಟಿ
ಅಕ್ಟೋಬರ್ 8, 1995

ಪ್ರೀತಿಯ ಅಪಾ,

ನಿಮ್ಮ ಕಾಗದ ತಲುಪಿತು. ನೀವು ಮತ್ತೆ ಕೆಲಸಕ್ಕೆ ಹೋಗುತ್ತಿರುವುದು ಕೇಳಿ ಸಂತೋಷವೂ ಆಯಿತು, ಗಾಬರಿಯೂ ಆಯಿತು. ಮಂಡಿನೋವು ಈಗ ಹೇಗಿದೆ? ನಿಮ್ಮ ಮಗ ಮಂಗಿಸ್ತಾವಿನ ಎಣ್ಣೆಬಾವಿಯ ಪಾಳಿಗೆ ಹೋಗಿದ್ದಾರೆ. ಮುಂದಿನ ತಿಂಗಳು ಬರುತ್ತಾರೆ.

ಅಲ್ದಿಯಾರನಿಗೆ ಕೆಳಗಿನ ಹಲ್ಲೊಂದು ಇಣುಕಿದೆ. ಸಿಕ್ಕಿದ್ದೆಲ್ಲ ಕಚ್ಚುತ್ತಾನೆ. ಮೊನ್ನೆ ನನ್ನ ಮೇಷ್ಟ್ರು ಅವನನ್ನು ಎತ್ತಿಕೊಂಡಾಗ ಅವರ ಕನ್ನಡಕದ ಕಡ್ಡಿ ಕಚ್ಚಿ ಬಗ್ಗಿಸಿಬಿಟ್ಟ. ನೋಡಿಕೊಳ್ಳುವವರಿಲ್ಲದ ದಿನ ಅವನನ್ನು ಪ್ರಯೋಗಾಲಯಕ್ಕೇ ಒಯ್ಯುತ್ತೇನೆ. ಅಲ್ಲಿ ಕಾಯಿಸುವ ನೀರಿನ ಕೊಳವೆಗಳು ತಣ್ಣಗಾಗಿವೆ. ಎಲ್ಲರೂ ಕೋಟು ಹಾಕಿಕೊಂಡೇ ಕೆಲಸ ಮಾಡುತ್ತೇವೆ.

ನನ್ನ ಕೆಲಸವೇನೆಂದು ನೀವು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮಲ್ಲಿ ಕೋಣೆಯುದ್ದದ ಒಂದು ಉಕ್ಕಿನ ಕೊಳವೆಯಿದೆ. ಒಳಗೆ ಒಂದು ಚಿಟಿಕೆಯಷ್ಟು ಬೆಂಜೀನ್ ಆವಿ ಬಿಟ್ಟು, ಇನ್ನೊಂದು ತುದಿಯಿಂದ ತೆಳು ತಗಡೊಂದು ಹರಿದುಹೋಗುವಂತೆ ಒತ್ತಡ ಕೊಡುತ್ತೇವೆ. ಢಮ್ ಎನ್ನುತ್ತದೆ. ಆ ಒಂದು ಪೆಟ್ಟಿಗೆ ಒಳಗಿನ ಆವಿ ನಿಮ್ಮ ಕುಲುಮೆಗಿಂತ ಹೆಚ್ಚು ಕಾಯುತ್ತದೆ, ಕಣ್ಣು ಮಿಟುಕಿಸುವ ಮೊದಲೇ ತಣ್ಣಗಾಗುತ್ತದೆ. ಅಷ್ಟರಲ್ಲಿ ಬೆಂಜೀನ್ ಹೇಗೆ ಒಡೆಯಿತು ಎಂದು ನೋಡುವುದು ನನ್ನ ಕೆಲಸ. ಮೊದಮೊದಲು ಅಲ್ದಿಯಾರ್ ಆ ಸದ್ದಿಗೆ ಬೆಚ್ಚುತ್ತಿದ್ದ. ಈಗ ನಗುತ್ತಾನೆ.

ಅಪಾ, ಒಂದು ವಿಷಯ ಕೇಳಬೇಕು. ಈಗ ಕುಲುಮೆ ಎಷ್ಟು ಕಾಯುತ್ತಿದೆ? ಮಸಿಗೆ ಸುಡುವ ಎಣ್ಣೆ ಎಲ್ಲಿಂದ ಬರುತ್ತಿದೆ? ಕಾವು ತಣಿಸುವ ನೀರು ಎಲ್ಲಿ ಹೊಡೆಯುತ್ತಿದ್ದಾರೆ, ಮೊದಲಿನ ಜಾಗದಲ್ಲೋ, ಅದಕ್ಕೂ ಮುಂಚೆಯೋ?

ನಿಮ್ಮ ಸೊಸೆ,
ಶಿನಾರ್

*

ಅಕ್‌ಶೋಕಿ
ನವೆಂಬರ್ 2, 1995

ಶಿನಾರ್‌ಜಾನ್,

ನಾನು ಮೊಮ್ಮಗನ ವಿಷಯ ಬರೆದರೆ ನೀನು ಕುಲುಮೆಯ ಆರೋಗ್ಯ ವಿಚಾರಿಸುತ್ತೀ. ನಿನ್ನ ಕಾಗದವನ್ನು ಎಮ್ಮಾಳಿಗೆ ಓದಿ ಹೇಳಿದೆ. "ನಿನ್ನ ಸೊಸೆ ಕುಲುಮೇನ ಮದುವೆ ಆಗ್ಬೇಕಿತ್ತು ಕಣೇ, ನಿನ್ನ ಮಗನ್ನಲ್ಲ" ಎಂದಳು.

ಇರಲಿ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಎಣ್ಣೆ ಕಲ್ಲಿದ್ದಲು ಸುಡುವ ಕಡೆಯಿಂದ ಬರುವ ಡಾಂಬರೆಣ್ಣೆ, ಅಗ್ಗದ್ದು, ಪಿಚ್ಚೆಂದು ಅಂಟುತ್ತದೆ. ಅನಿಲ ಸಾಲದು, ಹಾಗಾಗಿ ಕಾವೂ ಸಾಲದು. ಹೆಚ್ಚು ಮಸಿ ಸಿಗಲಿ ಎಂದು ನೀರು ಬೇಗ ಹೊಡೆಯುತ್ತಾರೆ. ಚಿಮಣಿಗೆ ಹೋಗುವ ಮುನ್ನ ಮಸಿ ಹಿಡಿಯುವ ಚೀಲಗಳು ಹರಿದಿವೆ. ಹೊಸ ಚೀಲ ಬಂದಿಲ್ಲ. ಮಸಿಗೆ ಟೊಲುಯೀನ್ ದ್ರಾವಕ ಹಾಕಿ ಕುಲುಕಿ ಸೋಸಿದರೆ ವಾರದಲ್ಲಿ ಎರಡು ಮೂರು ದಿನ ಹಳದಿಯೇ ಇಳಿಯುತ್ತದೆ. ಮೊನ್ನೆ ಅಂಥ ಸೀಸೆಯೊಂದನ್ನು ಮೇಲ್ವಿಚಾರಕನ ಮೂಗಿನ ಮುಂದೆ ಹಿಡಿದೆ. "ಹಳದಿ ಆದ್ರೇನು ಅಕ್ಕಾ, ಟೈರು ಕಪ್ಪಗೆ ತಾನೇ ಇರೋದು" ಎಂದ. ನಿನ್ನ ಮಾವ ಇದ್ದಿದ್ದರೆ ಅವನ ಕಿವಿ ಹಿಂಡುತ್ತಿದ್ದರು. ಅವರು ಕುಲುಮೆ ನೋಡಿಕೊಳ್ಳುತ್ತಿದ್ದಾಗ ಟೊಲುಯೀನ್ ನೀರಿನಷ್ಟು ತಿಳಿಯಾಗಿ ಇಳಿಯದಿದ್ದರೆ ಊಟಕ್ಕೆ ಬರುತ್ತಿರಲಿಲ್ಲ.

ಸಾಕಾಯಿತೇ? ಈಗ ನೀನು ನನ್ನ ಮಾತು ಕೇಳು.

ನಿನಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಎರ್‌ಸಾಯಿನ್ ಹುಟ್ಟಿದಾಗ ನನ್ನ ಅತ್ತೆ ಅವನನ್ನು ಎತ್ತಿಕೊಂಡು ಹೋದರು. ಮೊದಲ ಮಗು ಅಜ್ಜಿಯದು ಎಂಬ ಅದೇ ಪದ್ಧತಿ, ನಾನೂ ತಲೆಬಾಗಿ ಕೊಟ್ಟೆ. ಅವರ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ದಿನಾ ಸಂಜೆ ಕಾರ್ಖಾನೆಯಿಂದ ಬಂದು, ಮೈ ತಿಕ್ಕಿ ತೊಳೆದು, ಅವನನ್ನು ನೋಡಲು ಹೋಗುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಒಳಕ್ಕೆ ಕೂಗುತ್ತಿದ್ದ: "ಅಮ್ಮಾ, ಕುಲ್‌ಪಾಶ್ ಬಂದಿದಾಳೆ!" ಅವನ ಪಾಲಿಗೆ ಅಮ್ಮ ನನ್ನ ಅತ್ತೆ. ನಾನು ಕುಲ್‌ಪಾಶ್. ಅತ್ತೆ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದ, ಆದರೆ ಆಗ ಅವನಿಗೆ ಮೀಸೆ ಮೂಡುತ್ತಿತ್ತು. ಆಮೇಲೆ ನನಗೆ ಮಕ್ಕಳಾಗಲಿಲ್ಲ.

ಹೀಗಾಗಿ, ಶಿನಾರ್‌ಜಾನ್, ನಾನು ಮಗುವೊಂದನ್ನು ಬೆಳೆಸಿಯೇ ಇಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ಎಮ್ಮಾಳ ಹತ್ತಿರವೂ ಇಲ್ಲ. ಕಾಗದದಲ್ಲಿ ಬರೆಯುವುದು ಸುಲಭ ನೋಡು, ಎದುರಿಗೆ ಯಾರ ಮುಖವೂ ಇರುವುದಿಲ್ಲ.

ಕುಲ್‌ಪಾಶ್

*

ಅಲ್ಮಾಟಿ
ಡಿಸೆಂಬರ್ 3, 1995

ಪ್ರೀತಿಯ ಅಪಾ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಉತ್ತರ ಬರೆದು ಬರೆದು ಹರಿದಿದ್ದೇನೆ. ಸೊಸೆಯಾದವಳು ಅತ್ತೆಗೆ ಎದುರು ಮಾತಾಡಬಾರದು ಎಂದು ಬೆಳೆದವಳು ನಾನು. ಇದು ಎದುರು ಮಾತಲ್ಲ ಎಂದು ತಿಳಿದು ಓದಿ.

ನೀವು ಬೀದಿಯ ಕೊನೆಗೆ ನಡೆದು ಹೋಗಿ ಮಗನನ್ನು ನೋಡುತ್ತಿದ್ದಿರಿ. ಅಲ್ಮಾಟಿಯಿಂದ ಅಕ್‌ಶೋಕಿಗೆ ರೈಲಿನಲ್ಲೇ ಎಷ್ಟು ಹೊತ್ತು ಕೂರಬೇಕು ಎಂದು ನಿಮಗೆ ಗೊತ್ತು. ಆದರೆ ನನ್ನ ಭಯ ಅದೊಂದೇ ಅಲ್ಲ.

ಆ ಹಳದಿ ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ. ಬೆಂಜೀನ್ ಅಂದರೆ ಆರು ಜನ ಕೈ ಕೈ ಹಿಡಿದು ಸುತ್ತಾಗಿ ನಿಂತ ಹಾಗೆ. ಸುಮ್ಮನೆ ಬಿಡುವ ಕೈಗಳಲ್ಲ ಅವು. ನಮ್ಮ ಕೊಳವೆಯಲ್ಲಿ ಕಾವು ಮಿತಿ ಮೀರಿದಾಗ ಮಾತ್ರ ಹೊರಗಿನ ಒಂದು ಹೈಡ್ರೋಜನ್ ಕಳಚಿಕೊಳ್ಳುತ್ತದೆ, ಆಮೇಲೆ ಆ ಸುತ್ತು ಬಿಚ್ಚಿ ಚೂರುಚೂರಾಗುತ್ತದೆ. ಆ ಚೂರುಗಳು ಮತ್ತೆ ಕೂಡಿ, ಬೆಳೆದು, ಕೊನೆಗೆ ಬರೀ ಇಂಗಾಲವಾಗಿ ನಿಲ್ಲುತ್ತವೆ. ಅದು ಒಳ್ಳೆಯ ಮಸಿ, ಮಾವನವರು ಮಾಡುತ್ತಿದ್ದಂಥದು. ಕಾವು ಸಾಲದೆ ಹೋದರೆ, ಇಲ್ಲವೇ ನೀರು ಬೇಗ ಬಿದ್ದರೆ, ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದು ಸುತ್ತಿನ ಪಕ್ಕ ಇನ್ನೊಂದು ಅಂಟಿಕೊಂಡು ನಾಲ್ಕು ಸುತ್ತು, ಐದು ಸುತ್ತಿನವು ಹಾಗೇ ಉಳಿದು ಮಸಿಯ ಮೈಗೆ ಹತ್ತಿಕೊಳ್ಳುತ್ತವೆ. ಟೊಲುಯೀನಿಗೆ ಇಳಿಯುವ ಹಳದಿ ಅವೇ. ಗಾಳಿಯಲ್ಲಿ ಬಂದು ಎದೆಯೊಳಗೆ ಕೂರುವವೂ ಅವೇ.

ಅವು ಒಳಗೆ ಕೂತು ಏನು ಮಾಡುತ್ತವೆ ಎಂದು ಬರೆಯಲು ಕೈ ಬರುವುದಿಲ್ಲ. ಮಾವನವರ ಕೊನೆಯ ಚಳಿಗಾಲದಲ್ಲಿ ಅವರು ಕೆಮ್ಮಿ ಕೆಂಪಾದ ಕರವಸ್ತ್ರ ತೊಳೆಯುತ್ತಿದ್ದವಳು ನಾನೇ ಅಪಾ. ನೀವು ನೋಡಬಾರದೆಂದು ಬೇಗ ಬೇಗ ತೊಳೆಯುತ್ತಿದ್ದೆ.

ನನ್ನದೊಂದು ಬೇಡಿಕೆ. ನಿಮ್ಮ ಅಡುಗೆಮನೆ ಕಿಟಕಿಯ ಹೊರಗಿನ ಹಲಗೆಯ ಮೇಲೆ ಕೂತಿರುವ ಮಸಿಯನ್ನು ಒಂದು ಚಮಚದಷ್ಟು ಕೆರೆದು ಕಳಿಸಿ. ನೀವು ಮಾಡುವ ಪರೀಕ್ಷೆಯನ್ನೇ ನಾನು ಇಲ್ಲಿ ಮಾಡುತ್ತೇನೆ. ತಿಳಿಯಾಗಿ ಇಳಿದರೆ ನೌರೀಜ್‌ಗೆ ನಾನೇ ಅವನನ್ನು ಕರೆತಂದು ನಿಮ್ಮ ಮಡಿಲಿಗೆ ಹಾಕುತ್ತೇನೆ, ಅಳದೆ ಹಾಕುತ್ತೇನೆ. ಹಳದಿ ಇಳಿದರೆ ನೀವೇ ಹೇಳಿ.

ಶಿನಾರ್

*

ಅಕ್‌ಶೋಕಿ
ಜನವರಿ 10, 1996

ಶಿನಾರ್,

ನಿನ್ನ ಕಾಗದ ಓದಿ ನನಗೆ ಮೈ ಉರಿಯಿತು. ನಾನು ಮಗು ಕೇಳಿದೆ, ನೀನು ಮಸಿ ಕೇಳಿದೆ. ನನ್ನ ಮನೆಯ ಗಾಳಿಗೆ ನೀನು ಪರೀಕ್ಷೆ ಇಡುತ್ತೀಯ. ಆ ಗಾಳಿಯಲ್ಲೇ ನಿನ್ನ ಗಂಡ ಬೆಳೆದದ್ದು. ಎತ್ತಿನ ಹಾಗಿದ್ದಾನೆ.

ಮಾವನ ಸಾವಿನ ವಿಷಯ ಇನ್ನೊಮ್ಮೆ ನನಗೆ ಬರೆಯಬೇಡ. ಆ ಕರವಸ್ತ್ರ ನಾನು ನೋಡಿರಲಿಲ್ಲ ಎಂದುಕೊಂಡೆಯಾ?

ಕೇಳಿದ್ದು ಪೊಟ್ಟಣದಲ್ಲಿದೆ. ರೈಲಿನ ಪರಿಚಾರಿಕೆ ಗುಲ್‌ಸಿಮ್‌ಳ ಕೈಯಲ್ಲಿ ಕೊಟ್ಟಿದ್ದೇನೆ. ಜೊತೆಗೆ ಸ್ವಲ್ಪ ಕುರ್ತ್ ಇಟ್ಟಿದ್ದೇನೆ. ಮೊಸರು ಬಸಿದು ಉಂಡೆ ಕಟ್ಟಿ ಬೇಸಿಗೆಯಲ್ಲೇ ಒಣಗಿಸಿದ್ದು. ಹಲ್ಲು ಬರುವ ಮಗು ಚೀಪಲಿ.

ಕುಲ್‌ಪಾಶ್

*

ಅಲ್ಮಾಟಿ
ಫೆಬ್ರವರಿ 4, 1996

ಪ್ರೀತಿಯ ಅಪಾ,

ಗುಲ್‌ಸಿಮ್ ಪೊಟ್ಟಣ ಮುಟ್ಟಿಸಿದರು. ಅಲ್ದಿಯಾರ್ ಕುರ್ತನ್ನು ಎರಡೂ ಕೈಯಲ್ಲಿ ಹಿಡಿದು ಚೀಪಿದ. ಉಪ್ಪಿಗೆ ಮುಖ ಕಿವುಚುತ್ತಾನೆ, ಆದರೆ ಬಿಡುವುದಿಲ್ಲ.

ಪರೀಕ್ಷೆ ಮಾಡಿದೆ. ಒಂದು ಸಲ ಸಾಲದೆಂದು ಮತ್ತೆ ಮತ್ತೆ ಮಾಡಿದೆ. ತಿಳಿಯಾಗಿಯೇ ಇಳಿಯಿತು. ಶುದ್ಧ ಟೊಲುಯೀನಿನ ಸೀಸೆಯ ಪಕ್ಕ ಇಟ್ಟು ಬೆಳಕಿಗೆ ಹಿಡಿದರೆ ಯಾವುದು ಯಾವುದೆಂದು ತಿಳಿಯದು. ನನ್ನ ಮೇಷ್ಟ್ರೂ ನೋಡಿದರು. "ಇಷ್ಟು ಒಳ್ಳೇ ಮಸಿ ಎಲ್ಲಿ ಸಿಕ್ತಮ್ಮ ನಿಂಗೆ? ಇದನ್ನ ಮಾಡಿದೋನಿಗೆ ಕೈ ಮುಗೀಬೇಕು" ಎಂದರು. ನಮ್ಮೂರಿನದು ಎಂದೆ.

ಪೊಟ್ಟಣದಲ್ಲಿ ಮಸಿ ಬಿಟ್ಟರೆ ಬೇರೇನೂ ಇರಲಿಲ್ಲ ಅಪಾ. ಒಂದು ಮರಳಿನ ಕಣವಿಲ್ಲ, ನೂಲಿನ ಎಳೆಯಿಲ್ಲ, ಪಾರಿವಾಳದ ಪುಕ್ಕವಿಲ್ಲ. ನಿಮ್ಮ ಕಿಟಕಿ ಎಷ್ಟು ಚೊಕ್ಕಟ! ನಾನು ಅಲ್ಲಿದ್ದಾಗ ಅಷ್ಟು ಚೊಕ್ಕಟವಾಗಿ ಇಟ್ಟುಕೊಳ್ಳಲು ನನ್ನಿಂದ ಆಗಿರಲಿಲ್ಲ.

ಕೊಟ್ಟ ಮಾತು ಕೊಟ್ಟ ಮಾತೇ. ಮಾರ್ಚ್ ಹದಿನೆಂಟರ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ಹಾಲು ಬಿಡಿಸುತ್ತಿದ್ದೇನೆ. ನನಗೆ ಜ್ವರ ಬಂದು ಹೋಯಿತು, ಅವನಿಗೇನೂ ಆಗಿಲ್ಲ. ನಿಮ್ಮ ಮಗ ಫೋನ್ ಮಾಡಿದ್ದರು. ವಿಷಯ ಹೇಳಿದೆ. "ಅಪಾಗೆ ಎಷ್ಟು ಖುಷಿ ಆಗತ್ತೆ ಗೊತ್ತಾ? ನೀನು ಬಂಗಾರ ಕಣೇ" ಎಂದರು. ಲೈನು ಕಟ್ಟಾಯಿತು.

ಅವನ ಅಭ್ಯಾಸಗಳನ್ನು ಹೇಳಿಬಿಡುತ್ತೇನೆ, ಬಂದ ಮೇಲೆ ನನಗೆ ಹೇಳಲು ಆಗುತ್ತದೋ ಇಲ್ಲವೋ. ಗಂಜಿ ಬಿಸಿಯಿದ್ದರೆ ತಿನ್ನುವುದಿಲ್ಲ, ತಣ್ಣಗಿದ್ದರೂ ತಿನ್ನುವುದಿಲ್ಲ. ನಿದ್ದೆ ಬಂದಾಗ ಕಿವಿ ಹಿಡಿದುಕೊಳ್ಳುತ್ತಾನೆ, ತನ್ನ ಕಿವಿಯಲ್ಲ, ಎತ್ತಿಕೊಂಡವರ ಕಿವಿ. ಓಲೆ ಹಾಕಿಕೊಂಡಿದ್ದರೆ ತೆಗೆದಿಡಿ. ಬೆಳಗಿನ ಜಾವ ಎದ್ದರೆ ಅಳುವುದಿಲ್ಲ, ಸುಮ್ಮನೆ ಮಾತಾಡುತ್ತಾ ಮಲಗಿರುತ್ತಾನೆ. ನೀವು ಎದ್ದು ನೋಡದಿದ್ದರೂ ಪರವಾಗಿಲ್ಲ, ಆದರೆ ಒಮ್ಮೆ ದನಿ ಮಾಡಿ.

ಶಿನಾರ್

*

ಅಕ್‌ಶೋಕಿ
ಫೆಬ್ರವರಿ 25, 1996

ಶಿನಾರ್‌ಜಾನ್,

ಟಿಕೆಟ್ ವಾಪಸು ಮಾಡು. ಮೊದಲು ಅದನ್ನು ಮಾಡಿ ಬಾ, ಮಿಕ್ಕದ್ದು ಆಮೇಲೆ ಓದು.

ನಾನು ಕಳಿಸಿದ್ದು ಕಿಟಕಿಯ ಮಸಿಯಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ನಿನಗದು ಗೊತ್ತಾಗಿದೆ. ಇಲ್ಲದಿದ್ದರೆ ನನ್ನ ಕಿಟಕಿ ಚೊಕ್ಕಟ ಎಂದು ಹೊಗಳುವವಳಲ್ಲ ನೀನು. ಮದುವೆಯಾಗಿ ಬಂದ ವರ್ಷ ಅದನ್ನು ಉಜ್ಜಿ ಉಜ್ಜಿ ನಿನ್ನ ಉಗುರು ಸವೆದದ್ದನ್ನು ನಾನೇ ನೋಡಿದ್ದೇನೆ. ಆ ಸಾಲು ಓದಿ ನಾಚಿಕೆಯಿಂದ ಕಾಗದ ಮಡಚಿಟ್ಟೆ. ಮತ್ತೆ ತೆಗೆದೆ. ಬೇರೆ ಯಾರಾದರೂ ಆಗಿದ್ದರೆ ಅತ್ತೆ ಕಳ್ಳಿ ಎಂದು ಬಳಗಕ್ಕೆಲ್ಲ ಸಾರುತ್ತಿದ್ದರು. ಇಲ್ಲವೇ ಹಳದಿ ಬಂತು ಎಂದು ಒಂದು ಸುಳ್ಳು ಬರೆದು ಮಗುವನ್ನು ಉಳಿಸಿಕೊಳ್ಳುತ್ತಿದ್ದರು. ನಾನಾಗಿದ್ದರೆ ಎರಡನೆಯದನ್ನು ಮಾಡುತ್ತಿದ್ದೆ. ನೀನು ಬಂದದ್ದನ್ನು ಬಂದ ಹಾಗೇ ಬರೆದು, ಹಾಲು ಬಿಡಿಸಲು ಕೂತೆ.

ಅದು ಪ್ರಯೋಗಾಲಯದ ಕಪಾಟಿನಲ್ಲಿ ಹೋಲಿಸಿ ನೋಡಲು ಇಟ್ಟುಕೊಂಡಿದ್ದ ಜಾಡಿಯದು. ನಿನ್ನ ಮಾವನ ಕಾಲದ್ದು. ಅವರ ಕೈಯ ಮಸಿ ಅದೊಂದೇ ಉಳಿದಿತ್ತು, ಅದನ್ನೂ ಇಂಥ ಕೆಲಸಕ್ಕೆ ಬಳಸಿದೆ. ನಿನ್ನ ಮೇಷ್ಟ್ರು ಕೈ ಮುಗಿಯಬೇಕು ಎಂದರಲ್ಲ, ಆ ಮಾತು ಓದಿದಾಗ ಅತ್ತುಬಿಟ್ಟೆ.

ಮಾರನೆಯ ದಿನ ಅಡುಗೆಮನೆ ಕಿಟಕಿ ತೆಗೆದು ಚಾಕುವಿನಿಂದ ಹಲಗೆ ಕೆರೆದೆ. ಕಾರ್ಖಾನೆಗೆ ಒಯ್ದು, ಹಿಮ ಒಣಗಿಸಿ, ಟೊಲುಯೀನ್ ಹಾಕಿ ಕುಲುಕಿ ಸೋಸಿದೆ. ಎಮ್ಮಾ ಸೀಸೆಯನ್ನು ಬೆಳಕಿಗೆ ಹಿಡಿದಳು.

"ಇದ್ಯಾವ ಕುಲುಮೇದೇ? ಇಂಥ ಬಣ್ಣ ನನ್ನ ಜನ್ಮದಲ್ಲೇ ನೋಡಿಲ್ಲ. ಹಾಲು ಹಾಕದ ಚಹಾ ಇದ್ದಂಗಿದೆ."

"ಕುಲುಮೇದಲ್ಲ. ನನ್ನ ಕಿಟಕೀದು."

ಅವಳು ಸೀಸೆ ಕೆಳಗಿಟ್ಟಳು. ಆಮೇಲೆ "ನಂದೂ ನಿನ್ನ ಪಕ್ಕದ ಕಿಟಕೀನೇ ಅಲ್ವಾ" ಎಂದಳು. ಎಮ್ಮಾ ತಮಾಷೆ ಮಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತು ಮನೆಗೆ ಬರುವಾಗ ಕೆಳಗಿನ ಮನೆಯ ಮಕ್ಕಳು ಅಂಗಳದಲ್ಲಿ ಹಿಮ ಬಗೆದು ತಿನ್ನುತ್ತಿದ್ದವು. ಮೇಲಿನ ಕರೀ ಪದರ ಸರಿಸಿ, ಕೆಳಗಿನ ಬಿಳಿಯದನ್ನು ತಿನ್ನುತ್ತವೆ. ದಿನಾ ನೋಡುವ ನೋಟವೇ. ನಾನು ಬೈದು ಎಬ್ಬಿಸಿ, ಅವರ ತಾಯಿಯ ಮನೆ ಬಾಗಿಲು ತಟ್ಟಿ ಸೀಸೆ ತೋರಿಸಿದೆ. ಅವಳು ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ನಾವೆಲ್ಲಿಗೆ ಹೋಗೋಣ ಹೇಳಿ ಆಂಟಿ?" ಎಂದಳು. ಆದರೆ ನಿನ್ನ ಮಗ ಇಲ್ಲಿಗೆ ಬರದೆ ಇರಬಹುದು. ಅಷ್ಟು ನನ್ನ ಕೈಯಲ್ಲಿದೆ.

ಮೊನ್ನೆ ಬಳಗದವರನ್ನು ಚಳಿಗಾಲದ ಮಾಂಸದೂಟಕ್ಕೆ ಕರೆದಿದ್ದೆ. ತಟ್ಟೆ ಖಾಲಿಯಾಗಿ ಚಹಾ ಬಂದಾಗ ನಿನ್ನ ಮಾವನ ತಂಗಿ ಬಿಬಿಶ್ ಶುರುಮಾಡಿದಳು.

"ಅತ್ತಿಗೆ, ಮೊಮ್ಮಗ ಯಾವತ್ತು ಬರ್ತಾನೆ? ನಿಮ್ಮ ಪಟ್ಟಣದ ಸೊಸೆ ಕೊಡ್ತಾಳೋ, ಇಲ್ಲಾ ಬಾಯಲ್ಲಿ ಮಾತ್ರವೋ?"

ನಾನು ಹೇಳಿದೆ: "ಅವಳು ಟಿಕೆಟ್ ತೆಗೆದು ಕೂತಿದಾಳೆ. ಬೇಡ ಅಂತ ಬರೀತಿರೋಳು ನಾನು."

"ಅಂದ್ರೆ?"

"ಅಂದ್ರೆ ಬೇಡ. ನನ್ನ ಮಂಡಿ ನೋಡು. ಕೆಲಸಕ್ಕೆ ಹೋಗ್ಲಾ, ಮಗು ಹಿಂದೆ ಓಡ್ಲಾ? ನನ್ನ ಕೈಲಿ ಆಗಲ್ಲ."

ಬಿಬಿಶ್ ಬಟ್ಟಲು ಬೋರಲು ಹಾಕಿದಳು. "ಅಣ್ಣನ ನಲವತ್ತನೇ ದಿನ ಕೊಟ್ಟ ಮಾತನ್ನ ನೀವೇ ಒದೀತೀರಾ? ಸ್ವಂತ ಮೊಮ್ಮಗನ್ನ ಬೇಡ ಅನ್ನೋ ಅಜ್ಜೀನ ನಾನು ಇವತ್ತೇ ನೋಡಿದ್ದು" ಎಂದಳು. ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಬೇಗ ಎದ್ದು ಹೋದರು. ಈಗ ಅಂಗಡಿಯ ಸಾಲಿನಲ್ಲಿ ನಿಂತರೆ ಹೆಂಗಸರು ನನ್ನ ಬೆನ್ನ ಹಿಂದೆ ಪಿಸುಗುಡುತ್ತಾರೆ.

ನಿಜವನ್ನು ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಹೇಳಿದ್ದರೆ ಎಲ್ಲರೂ ಒಂದೇ ಮಾತು ಆಡುತ್ತಿದ್ದರು, ಓದಿದ ಸೊಸೆ ಮುದುಕಿಯ ತಲೆ ಕೆಡಿಸಿ ಮಗು ಉಳಿಸಿಕೊಂಡಳು ಎಂದು. ಅದು ಸಾಯುವವರೆಗೂ ನಿನ್ನ ಬೆನ್ನು ಬಿಡುತ್ತಿರಲಿಲ್ಲ. ನನಗೆ ಎಷ್ಟು ದಿನವಿದೆ? ಬೈಸಿಕೊಳ್ಳುತ್ತೇನೆ.

ಎರ್‌ಸಾಯಿನನಿಗೂ ನಾನೇ ಬರೆದಿದ್ದೇನೆ, ನನಗೆ ಮಗು ಬೇಡ ಎಂದು. ಅವನಿಗೆ ನೋವಾಗುತ್ತದೆ. ಚಿಕ್ಕಂದಿನಲ್ಲಿ ತನ್ನನ್ನು ಬಿಟ್ಟುಕೊಟ್ಟವಳು, ಈಗ ತನ್ನ ಮಗನನ್ನೂ ಬೇಡವೆಂದಳು ಎಂದುಕೊಳ್ಳುತ್ತಾನೆ. ಸಿಟ್ಟಿನಲ್ಲಿ ನಿನ್ನ ಮುಂದೆ ನನ್ನನ್ನು ಬೈಯುತ್ತಾನೆ. ನೀನು ನನ್ನ ಪರ ಮಾತಾಡಲು ಹೋಗಬೇಡ, ಏನೂ ಗೊತ್ತಿಲ್ಲದವಳ ಹಾಗೆ ಚಹಾ ಬಗ್ಗಿಸು. ಅವನು ಬೈದು ಮುಗಿಸಲಿ. ಮುಗಿದ ಮೇಲೆ ಮಗುವನ್ನು ಅವನ ಕೈಗೆ ಕೊಡು.

ಕುಲ್‌ಪಾಶ್